ಮೊಡವೆ ಕುಳಿಗೆ ಲೇಸರ್: ಹೋಗುವ ಮುಂಚೆ, ಹೋದ ದಿನ, ಬಂದ ಮೇಲೆ

ನಾನು ಲೇಸರ್ ಮಾಡಿಸಿಕೊಂಡಿದ್ದೇನೆ ಎಂದು ಗೊತ್ತಾದವರೆಲ್ಲ ಕೇಳುವುದು ಒಂದೇ ಪ್ರಶ್ನೆ. ‘ಮೊಡವೆ ಹೋಯ್ತಾ?’

ನಾನು ಲೇಸರ್ ಮಾಡಿಸಿದ್ದು ಮೊಡವೆಗಲ್ಲ. 16ನೇ ವಯಸ್ಸಿನಿಂದ 26ರವರೆಗೆ ಬಂದು ಹೋದ ಮೊಡವೆಗಳು ಕೆನ್ನೆಯ ಮೇಲೆ ಬಿಟ್ಟುಹೋದ ಕುಳಿಗಳಿಗೆ. ಈ ವ್ಯತ್ಯಾಸ ಮೊದಲು ನನಗೂ ಗೊತ್ತಿರಲಿಲ್ಲ. ಹಾಗಾಗಿ ಮೊದಲ ಸಲ ತಪ್ಪು ಹೊತ್ತಿನಲ್ಲಿ ಹೋದೆ. ಆಗ ಗದ್ದದ ಮೇಲೆ ಕೀವುಗುಳ್ಳೆಗಳು ಇನ್ನೂ ಏಳುತ್ತಿದ್ದವು. ಹಿಂದಿನ ವಾರವಷ್ಟೇ ಜಾತ್ರೆಯ ಬಿಸಿಲಲ್ಲಿ ಮೂರು ದಿನ ಸುತ್ತಿ ಬಂದಿದ್ದೆ. ಆ ಕ್ಲಿನಿಕ್‌ನಲ್ಲಿ ಯಾರೂ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎರಡು ತಿಂಗಳು ಮುಖ ಕಪ್ಪಾಗಿತ್ತು. ಎರಡನೇ ಸಲ ಬೇರೆ ವೈದ್ಯರ ಹತ್ತಿರ ಹೋದೆ. ಅವರು ಮೂರೂವರೆ ತಿಂಗಳು ಕಾಯಿಸಿ ಆಮೇಲೆ ಶುರು ಮಾಡಿದರು. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದೇ ಚಿಕಿತ್ಸೆ ಪಡೆದ ಗೆಳೆಯರು, ನೆಂಟರು ಹೇಳಿದ್ದೂ ಇದರಲ್ಲಿದೆ.

ಹಂತ 1: ಕನ್ನಡಿಯ ಮುಂದೆ ಹತ್ತು ನಿಮಿಷ

ಮುಖ ತೊಳೆದು ಒರೆಸಿಕೊಳ್ಳಿ. ರೂಮಿನ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಕಿವಿಯ ಪಕ್ಕದಿಂದ ಕೆನ್ನೆಗೆ ಅಡ್ಡ ಬೀಳುವಂತೆ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ್ದೆಲ್ಲ ಅಡ್ಡ ಬೆಳಕಿನಲ್ಲಿ ಕಾಣುತ್ತದೆ. ಈಗ ಮೂರು ವಿಷಯ ಬೇರೆ ಬೇರೆ ಮಾಡಿ ನೋಡಿ.

ಮುಟ್ಟಿದರೆ ನೋಯುವ, ಕೆಂಪಗಿರುವ, ಕೀವು ತುಂಬಿದ ಗುಳ್ಳೆ. ಇದು ಮೊಡವೆ. ಬೆರಳಾಡಿಸಿದರೆ ಸಪಾಟಾಗಿದ್ದು ಬಣ್ಣ ಮಾತ್ರ ಕಂದು ಅಥವಾ ಕಪ್ಪಾಗಿರುವುದು ಕಲೆ. ಟಾರ್ಚ್ ಬೆಳಕಿನಲ್ಲಿ ನೆರಳು ಬೀಳುವ ತಗ್ಗು ಕುಳಿ. ಮೂರಕ್ಕೂ ಔಷಧ ಬೇರೆ, ಸಮಯ ಬೇರೆ, ಖರ್ಚೂ ಬೇರೆ. ಬರೀ ಕಲೆಯಿದ್ದರೆ ಬಿಸಿಲಿನಿಂದ ಮುಖ ಕಾಪಾಡಿಕೊಂಡು, ವೈದ್ಯರು ಕೊಟ್ಟ ಕ್ರೀಮ್ ಹಚ್ಚಿದರೆ ಕೆಲವು ತಿಂಗಳಲ್ಲಿ ಬಹುಪಾಲು ತಿಳಿಯಾಗುತ್ತದೆ. ನನ್ನ ಚಿಕ್ಕಮ್ಮನ ಮಗಳು ಪಿಯುಸಿ ಓದುತ್ತಿದ್ದಾಗ ಮನೆಯವರು ಲೇಸರ್ ಮಾಡಿಸಲೇಬೇಕು ಎಂದು ಹಟ ಹಿಡಿದಿದ್ದರು. ಅವಳ ಮುಖದಲ್ಲಿ ಒಂದೂ ಕುಳಿ ಇರಲಿಲ್ಲ. ನಾಲ್ಕು ತಿಂಗಳು ಕ್ರೀಮ್ ಹಚ್ಚಿದಳು, ಅಷ್ಟಕ್ಕೇ ಸರಿಹೋಯಿತು.

ಕುಳಿಯಲ್ಲೂ ಜಾತಿಗಳಿವೆ. ಸೂಜಿ ಚುಚ್ಚಿದಂತೆ ಕಿರಿದಾಗಿ, ಆಳವಾಗಿರುವುದು ಒಂದು. ಅಂಚು ಕತ್ತರಿಸಿದ ಹಾಗೆ ಅಗಲವಾಗಿರುವುದು ಇನ್ನೊಂದು. ಮೂರನೆಯದು ಅಲೆಯಂತೆ ಇಳಿಜಾರಾಗಿ ತಗ್ಗಿರುವುದು. ಎರಡು ಬೆರಳಿನಿಂದ ಚರ್ಮ ಎಳೆದು ನೋಡಿ. ಎಳೆದಾಗ ಮಾಯವಾದರೆ ಅದು ಅಲೆಯ ಕುಳಿ. ಅಡಿಯಲ್ಲಿ ನಾರಿನಂಥ ಎಳೆಗಳು ಚರ್ಮವನ್ನು ಕೆಳಕ್ಕೆ ಜಗ್ಗಿ ಹಿಡಿದಿರುತ್ತವೆ. ವೈದ್ಯರು ಸೂಜಿ ತೂರಿಸಿ ಆ ಎಳೆಗಳನ್ನು ಬಿಡಿಸುತ್ತಾರೆ. ಅದಕ್ಕೆ ಸಬ್‌ಸಿಷನ್ ಎನ್ನುತ್ತಾರೆ. ಸೂಜಿ ಕುಳಿಗೆ ಲೇಸರ್ ಅಷ್ಟಾಗಿ ತಾಗುವುದಿಲ್ಲ. ಟಿಸಿಎ ಎಂಬ ಆಮ್ಲವನ್ನು ಕಡ್ಡಿಯ ತುದಿಯಲ್ಲಿ ಕುಳಿಯೊಳಗೆ ಮಾತ್ರ ಮುಟ್ಟಿಸುವ ವಿಧಾನ ಅದಕ್ಕೆ ಚೆನ್ನಾಗಿ ಒಗ್ಗುತ್ತದೆ. ಲೇಸರ್ ಚೆನ್ನಾಗಿ ಕೆಲಸ ಮಾಡುವುದು ಅಂಚು ಕತ್ತರಿಸಿದಂಥ, ತೀರಾ ಆಳವಿಲ್ಲದ ಕುಳಿಗಳ ಮೇಲೆ. ಹೆಚ್ಚಿನವರ ಮುಖದಲ್ಲಿ ಮೂರೂ ಕಲೆತಿರುತ್ತವೆ. ಹಾಗಾಗಿ ‘ಒಂದೇ ಲೇಸರ್‌ನಲ್ಲಿ ಎಲ್ಲ ಕ್ಲೀನ್’ ಎಂದು ಯಾರಾದರೂ ಹೇಳಿದರೆ ಅವರು ನಿಮ್ಮ ಮುಖವನ್ನು ಸರಿಯಾಗಿ ನೋಡಿಲ್ಲ ಎಂದೇ ತಿಳಿಯಿರಿ.

ಹಂತ 2: ಮೊದಲು ಮೊಡವೆ ನಿಲ್ಲಲಿ

ಹೊಸ ಗುಳ್ಳೆ ಏಳುತ್ತಿರುವಾಗ ಹಳೆಯ ಕುಳಿ ತುಂಬಲು ಹೋಗುವುದು ಮಳೆ ಸೋರುವ ಗೋಡೆಗೆ ಸುಣ್ಣ ಬಳಿದಂತೆ. ಅಡಾಪಲೀನ್, ಬೆಂಝಾಯ್ಲ್ ಪೆರಾಕ್ಸೈಡ್‌ನಂಥ ಕ್ರೀಮುಗಳು ಫಲ ಕೊಡಲು 8ರಿಂದ 12 ವಾರ ಬೇಕು. ಹದಿನೈದು ದಿನಕ್ಕೆ ಬೇಸತ್ತು ಬಿಟ್ಟುಬಿಡಬೇಡಿ. ಮುಟ್ಟು ಏರುಪೇರಾಗಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಪಿಸಿಒಎಸ್ ಎಂಬ ಹಾರ್ಮೋನ್ ಏರುಪೇರಿನ ತೊಂದರೆ ಇದ್ದಾಗ ಬರೀ ಮುಖಕ್ಕೆ ಹಚ್ಚಿದರೆ ಸಾಲುವುದಿಲ್ಲ.

ಮೊಡವೆ ಜೋರಾಗಿದ್ದರೆ ಐಸೊಟ್ರೆಟಿನೊಯಿನ್ ಮಾತ್ರೆ ಕೊಡುತ್ತಾರೆ. ಅದನ್ನು ನುಂಗುವಾಗ, ನಿಲ್ಲಿಸಿದ ಮೇಲೂ ಒಂದು ತಿಂಗಳು, ಗರ್ಭ ನಿಲ್ಲಲೇಬಾರದು. ಮಗುವಿಗೆ ತೀವ್ರ ದೋಷಗಳಾಗುತ್ತವೆ. ಈ ಮಾತ್ರೆ ನಿಲ್ಲಿಸಿ ಆರು ತಿಂಗಳವರೆಗೆ ಲೇಸರ್ ಬೇಡ ಎಂಬ ನಿಯಮ ಬಹಳ ಕಾಲ ನಡೆದುಬಂದಿತ್ತು. ಎಲ್ಲ ಬಗೆಯ ಲೇಸರ್‌ಗೂ ಅಷ್ಟು ಕಾಯಲು ತಕ್ಕ ಆಧಾರವಿಲ್ಲ ಎಂದು 2017ರಲ್ಲಿ ತಜ್ಞರು ಹೇಳಿದ್ದಾರೆ. ಆದರೂ ನಿಮ್ಮ ವಿಷಯದಲ್ಲಿ ತೀರ್ಮಾನ ನಿಮ್ಮ ವೈದ್ಯರದು. ನುಂಗಿದ ಮಾತ್ರೆಯ ವಿಷಯ ಮಾತ್ರ ಮುಚ್ಚಿಡಬೇಡಿ.

ಇನ್ನೊಂದನ್ನೂ ಮುಚ್ಚಿಡಬಾರದು. ಮೆಡಿಕಲ್ ಶಾಪಿನಲ್ಲಿ ‘ಮುಖ ಬೆಳ್ಳಗಾಗುತ್ತೆ’ ಎಂದು ಕೊಟ್ಟ ಕ್ರೀಮ್. ಅದರಲ್ಲಿ ಎಷ್ಟೋ ಸಲ ಸ್ಟಿರಾಯ್ಡ್ ಇರುತ್ತದೆ. ಹಚ್ಚಿದ ವಾರ ಮುಖ ಹೊಳೆಯುತ್ತದೆ, ಬಿಟ್ಟ ಕೂಡಲೇ ಕೆಂಪಗೆ ಉರಿದು ಮೊಡವೆ ಏಳುತ್ತದೆ. ಚರ್ಮ ತೆಳುವಾಗುತ್ತದೆ. ನಮ್ಮ ದೇಶದ ಚರ್ಮವೈದ್ಯರ ಸಂಘ ಇದರ ವಿರುದ್ಧ ವರ್ಷಗಳಿಂದ ಹೋರಾಡುತ್ತಿದೆ. ತೆಳುವಾದ ಚರ್ಮದ ಮೇಲೆ ಲೇಸರ್ ಹೊಡೆದರೆ ಗಾಯ ಬೇಗ ಮಾಯುವುದಿಲ್ಲ. ಆ ಟ್ಯೂಬನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಿ.

ಮೊಡವೆಗೇ ಲೇಸರ್ ಇಲ್ಲವಾ? ಇದೆ. ಎಣ್ಣೆ ಗ್ರಂಥಿಯನ್ನೇ ಗುರಿಯಾಗಿಸಿ ಬಿಸಿ ಮಾಡುವ 1726 ನ್ಯಾನೊಮೀಟರ್ ತರಂಗದ ಯಂತ್ರಗಳಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಬೆಳಕಿನ ಚಿಕಿತ್ಸೆ ಎಂದರೆ ಎಲ್ಲವೂ ಇದಲ್ಲ. 2016ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯವರು ಮೊಡವೆಗೆ ಬೆಳಕು ಬಳಸಿದ 71 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಗಟ್ಟಿಯಾದ ಪುರಾವೆ ಸಿಕ್ಕಿರಲಿಲ್ಲ. ಅದಕ್ಕೇ ಹೇಳುವುದು, ಗುಳ್ಳೆಗೆ ಮೊದಲು ಔಷಧ.

ಹಂತ 3: ಯಾರ ಕೈಗೆ ಮುಖ ಕೊಡುವುದು

‘ಲೇಸರ್’ ಎಂಬ ಒಂದೇ ಬೋರ್ಡಿನ ಕೆಳಗೆ ಹತ್ತು ಬಗೆಯ ಯಂತ್ರಗಳಿರುತ್ತವೆ. ಕಪ್ಪು ಇದ್ದಿಲಿನ ಲೇಪ ಹಚ್ಚಿ ಮಾಡುವ ‘ಕಾರ್ಬನ್ ಲೇಸರ್’ ಮುಖಕ್ಕೆ ಕೆಲ ದಿನ ಹೊಳಪು ಕೊಡಬಹುದು. ಆಳದ ಕುಳಿ ಅದರಿಂದ ತುಂಬುವುದಿಲ್ಲ. ಕುಳಿಗೆ ಹೆಚ್ಚಾಗಿ ಬಳಸುವುದು ಫ್ರಾಕ್ಷನಲ್ ಸಿಒ2 (ಕಾರ್ಬನ್ ಡೈಆಕ್ಸೈಡ್) ಲೇಸರ್ ಅಥವಾ ಅರ್ಬಿಯಮ್ ಲೇಸರ್. ಸಿಒ2 ಲೇಸರನ್ನು 1964ರಲ್ಲಿ ಕಂಡುಹಿಡಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್. ಆಗ ಅವರು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದರು. ಇದನ್ನು ಓದಿದ ದಿನ ನನಗೆ ಬಹಳ ಖುಷಿಯಾಗಿತ್ತು.

ಫ್ರಾಕ್ಷನಲ್ ಎಂದರೆ ರಂಗೋಲಿಗೆ ಚುಕ್ಕಿ ಇಟ್ಟಂತೆ. ಇಡೀ ಚರ್ಮ ಸುಡುವುದಿಲ್ಲ, ಸಣ್ಣ ಸಣ್ಣ ಚುಕ್ಕಿಗಳಲ್ಲಿ ಮಾತ್ರ ಶಾಖ ಒಳಗಿಳಿಯುತ್ತದೆ. ನಡುವೆ ಉಳಿದ ಒಳ್ಳೆಯ ಚರ್ಮ ಚುಕ್ಕಿಯ ಗಾಯವನ್ನು ಬೇಗ ಮುಚ್ಚುತ್ತದೆ. ಮುಚ್ಚುವಾಗ ಚರ್ಮಕ್ಕೆ ಆಧಾರವಾಗಿರುವ ಕೊಲಾಜನ್ ಎಂಬ ನಾರು ಹೊಸದಾಗಿ ಹುಟ್ಟುತ್ತದೆ. ಕುಳಿ ಮೇಲೇಳುವುದು ಅದರಿಂದ. ಈ ಚುಕ್ಕಿ ವಿಧಾನವನ್ನು 2004ರಲ್ಲಿ ಬೋಸ್ಟನ್ ನಗರದ ಸಂಶೋಧಕರು ವಿವರಿಸಿದರು. ಚುಕ್ಕಿ ಎಷ್ಟು ಒತ್ತಾಗಿರಬೇಕು, ಶಾಖ ಎಷ್ಟಿರಬೇಕು ಎಂಬುದರಲ್ಲೇ ವೈದ್ಯರ ಅನುಭವ ಇರುವುದು. ನಮ್ಮ ಕಂದು ಚರ್ಮ ಗಾಯವಾದರೆ ಕಪ್ಪಾಗುವ ಗುಣದ್ದು. ಆದ್ದರಿಂದ ನಮಗೆ ಚುಕ್ಕಿ ವಿರಳವಾಗಿರಬೇಕು, ಸಿಟ್ಟಿಂಗ್‌ಗಳ ನಡುವೆ ಜಾಸ್ತಿ ಬಿಡುವು ಬೇಕು.

ಮೊದಲ ಭೇಟಿಯಲ್ಲಿ ನೇರವಾಗಿ ಕೇಳಿ. ಯಂತ್ರ ಹಿಡಿಯುವವರು ಯಾರು, ನೀವಾ, ಸಹಾಯಕರಾ? ನನ್ನಂಥ ಬಣ್ಣದವರಿಗೆ ಎಷ್ಟು ಸಲ ಮಾಡಿದ್ದೀರಿ? ಕಿವಿಯ ಹತ್ತಿರ ಸಣ್ಣ ಜಾಗದಲ್ಲಿ ಮೊದಲು ಪರೀಕ್ಷೆ ಮಾಡುತ್ತೀರಾ? ಮುಖ ಕಪ್ಪಾದರೆ ಏನು ಮಾಡುತ್ತೀರಿ? ಕೊನೆಯ ಪ್ರಶ್ನೆಗೆ ‘ಹಾಗೆಲ್ಲ ಆಗೋದೇ ಇಲ್ಲ’ ಎಂದರೆ ಎದ್ದು ಬನ್ನಿ. ವೈದ್ಯರ ಹೆಸರಿನ ಮುಂದೆ ಚರ್ಮರೋಗದ ಪದವಿಗಳಾದ ಎಂಡಿ ಡಿವಿಎಲ್, ಡಿಡಿವಿಎಲ್ ಅಥವಾ ಡಿಎನ್‌ಬಿ ಇದೆಯೇ, ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಇದೆಯೇ ನೋಡಿ. ಖಾಸಗಿ ಕ್ಲಿನಿಕ್ ಆದರೆ ಕೆಪಿಎಂಇ (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿಯ ಪ್ರಮಾಣಪತ್ರ ಕಾಣುವಂತೆ ತೂಗುಹಾಕಿರಬೇಕು. ಎಷ್ಟು ಸಿಟ್ಟಿಂಗ್, ಒಟ್ಟು ಎಷ್ಟು ಹಣ ಎಂದು ಬರೆಸಿಕೊಳ್ಳಿ. ಸೌಂದರ್ಯ ಚಿಕಿತ್ಸೆಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ಸಿಗುವುದಿಲ್ಲ. ಹಣದ ಚಿಂತೆಯಿದ್ದರೆ ಹತ್ತಿರದ ಸರಕಾರಿ ವೈದ್ಯಕೀಯ ಕಾಲೇಜಿನ ಚರ್ಮ ವಿಭಾಗದಲ್ಲಿ ಒಮ್ಮೆ ವಿಚಾರಿಸಿ.

ನೀವಾಗಿಯೇ ಹೇಳಬೇಕಾದ್ದೂ ಇದೆ. ಬಸುರಿಯಾಗಿದ್ದರೆ, ಗಾಯ ವಾಸಿಯಾದ ಮೇಲೆ ಉಬ್ಬಿ ಬೆಳೆಯುವ ಚರ್ಮ ನಿಮ್ಮದಾಗಿದ್ದರೆ, ತುಟಿಯಂಚಿನಲ್ಲಿ ಆಗಾಗ ನೀರುಗುಳ್ಳೆ ಏಳುತ್ತಿದ್ದರೆ ಮೊದಲೇ ತಿಳಿಸಿ. ಆ ನೀರುಗುಳ್ಳೆ ಹರ್ಪಿಸ್ ಎಂಬ ವೈರಸ್‌ನದಾಗಿದ್ದರೆ ಲೇಸರ್ ಆದ ಮೇಲೆ ಮುಖವಿಡೀ ಹರಡಬಹುದು. ಅದಕ್ಕೆ ಮುಂಚಿತವಾಗಿ ಮಾತ್ರೆ ಕೊಡುತ್ತಾರೆ.

ಹಂತ 4: ದಿನ ಗೊತ್ತು ಮಾಡುವುದು

ಮನೆಯಲ್ಲಿ ಮದುವೆ ಇದ್ದರೆ ಅದಕ್ಕೆ ಹದಿನೈದು ದಿನ ಮುಂಚೆ ಬೇಡವೇ ಬೇಡ. ಕನಿಷ್ಠ ಎರಡು ತಿಂಗಳ ಅಂತರವಿರಲಿ. ಬಿಸಿಲಲ್ಲಿ ಅಲೆಯುವ ಕೆಲಸ ಕಡಿಮೆಯಿರುವ ವಾರ ಆರಿಸಿಕೊಳ್ಳಿ. ನಾನು ಜುಲೈ ಆರಿಸಿದೆ. ಸ್ಕೂಟರ್ ಓಡಿಸುವವರು ಒಂದು ವಾರ ಹೆಲ್ಮೆಟ್ ಕೆನ್ನೆಗೆ ಉಜ್ಜದಂತೆ ಬಸ್ಸೋ ಆಟೋನೋ ನೋಡಿಕೊಳ್ಳಿ.

ಹಂತ 5: ಆ ದಿನ

ಮರಗಟ್ಟಿಸುವ ಕ್ರೀಮ್ ಹಚ್ಚಿ 45 ನಿಮಿಷದಿಂದ ಒಂದು ಗಂಟೆ ಕೂರಿಸುತ್ತಾರೆ. ಸಮಯ ಉಳಿಯಲಿ ಎಂದು ಮನೆಯಿಂದಲೇ ದಪ್ಪಗೆ ಮೆತ್ತಿಕೊಂಡು ಹೋಗಬೇಡಿ. ಆ ಔಷಧ ಮೈಗೆ ಜಾಸ್ತಿ ಇಳಿದರೆ ಅಪಾಯ. ಕ್ರೀಮ್ ಒರೆಸಿ, ಕಣ್ಣಿಗೆ ಗುರಾಣಿಯಂಥ ಕನ್ನಡಕ ಹಾಕುತ್ತಾರೆ. ಅದು ಹಾಕದೆ ಯಂತ್ರ ಶುರು ಮಾಡಲು ಬಿಡಬೇಡಿ.

ಆಮೇಲೆ ಕತ್ತಲು, ಟಕ್ ಟಕ್ ಸದ್ದು, ಸುಟ್ಟ ಕೂದಲಿನ ವಾಸನೆ. ಆ ವಾಸನೆಯ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ, ಗಾಬರಿಯಾಯಿತು. ಅದು ಸಹಜ. ಕೆನ್ನೆಯ ಮೇಲೆ ಬಿಸಿ ಸಾಸಿವೆ ಸಿಡಿದ ಹಾಗಿರುತ್ತದೆ. ಹಣೆ ಮತ್ತು ಮೇಲ್ದುಟಿಯ ಮೇಲೆ ಉರಿ ಜಾಸ್ತಿ. ಪಕ್ಕದಲ್ಲಿ ತಣ್ಣನೆ ಗಾಳಿ ಹಿಡಿದಿದ್ದ ಹುಡುಗಿ ‘ಅಕ್ಕಾ, ತಡೆಯೋಕಾಗ್ದಿದ್ರೆ ಕೈ ಎತ್ತಿ, ನಿಲ್ಲಿಸ್ತಾರೆ’ ಎಂದಳು. ಆ ಒಂದು ಮಾತಿನಿಂದ ಅರ್ಧ ಭಯ ಇಳಿಯಿತು. ನಾನು ಎರಡು ಸಲ ಕೈ ಎತ್ತಿದೆ. ಇಡೀ ಮುಖಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಮುಗಿದ ಮೇಲೆ ಎರಡು ಮೂರು ಗಂಟೆ ಮೆಣಸಿನಕಾಯಿ ಹಚ್ಚಿದಂಥ ಉರಿ. ಆ ಸಂಜೆ ಒಲೆಯ ಮುಂದೆ ನಿಲ್ಲಬೇಡಿ, ಮನೆಯಲ್ಲಿ ಬೇರೆಯವರು ಅಡುಗೆ ನೋಡಿಕೊಳ್ಳಲಿ.

ಹಂತ 6: ಮೊದಲ ಏಳು ದಿನ

ಮಾರನೇ ದಿನ ಬೆಳಗ್ಗೆ ಕಣ್ಣಿನ ಕೆಳಗೆಲ್ಲ ಊದಿಕೊಂಡಿರುತ್ತದೆ. ‘ಏನೇ ಇದು, ದುಡ್ಡು ಕೊಟ್ಟು ಮುಖ ಸುಟ್ಕೊಂಡು ಬಂದಿದ್ದೀಯಲ್ಲೇ’ ಎಂದು ಅಮ್ಮ ಕಣ್ಣೀರು ಹಾಕಿದರು. ಮನೆಯವರಿಗೆ ಮೊದಲೇ ಹೇಳಿಡಿ. ತಲೆದಿಂಬು ಎತ್ತರಿಸಿ ಮಲಗಿದರೆ ಊತ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಮೂರನೇ ದಿನದಿಂದ ಕಾಫಿಪುಡಿ ಉದುರಿಸಿದಂತೆ ಸಣ್ಣ ಕಂದು ಚುಕ್ಕಿಗಳು ಕಾಣುತ್ತವೆ, ಮುಟ್ಟಿದರೆ ಉಪ್ಪುಕಾಗದದಷ್ಟು ಒರಟು. ಇವೇ ಹಕ್ಕಳೆಗಳು. ಐದರಿಂದ ಏಳನೇ ದಿನದೊಳಗೆ ತಾವಾಗಿಯೇ ಉದುರುತ್ತವೆ. ತುರಿಕೆ ಬರುತ್ತದೆ, ಕೀಳಬೇಡಿ. ಹುಬ್ಬಳ್ಳಿಯಲ್ಲಿ ಮೇಷ್ಟ್ರಾಗಿರುವ ಗೆಳೆಯರೊಬ್ಬರು ನಾಲ್ಕನೇ ದಿನ ಕ್ಲಾಸಿಗೆ ಹೋಗಬೇಕೆಂದು ಟವೆಲಿನಿಂದ ಉಜ್ಜಿದರು. ಉಜ್ಜಿದ ಜಾಗದಲ್ಲಿ ಮೂರು ತಿಂಗಳು ಕಪ್ಪು ಉಳಿಯಿತು.

ವೈದ್ಯರು ಹೇಳಿದ ಸೌಮ್ಯ ಕ್ಲೆನ್ಸರ್‌ನಲ್ಲಿ ಮೃದುವಾಗಿ ತೊಳೆದು, ಒತ್ತಿ ಒಣಗಿಸಿ, ಕೊಟ್ಟ ಮುಲಾಮು ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ದಿಂಬಿನ ಕವರ್ ದಿನಾ ಬದಲಿಸಿ. ಗಂಡಸರು ಹಕ್ಕಳೆ ಪೂರ್ತಿ ಉದುರುವವರೆಗೆ ಶೇವ್ ಮಾಡಬೇಡಿ. ಅರಿಶಿನ, ನಿಂಬೆರಸ, ಟೂತ್‌ಪೇಸ್ಟ್ ಯಾವುದೂ ಬೇಡ, ಹೇಳಿದವರು ಎಷ್ಟೇ ಹತ್ತಿರದವರಾಗಿರಲಿ.

ನೋವು ಇಳಿಯುವ ಬದಲು ಏರುತ್ತಾ ಹೋದರೆ, ಕೀವು ಬಂದರೆ, ಜ್ವರ ಬಂದರೆ, ಗುಂಪಾಗಿ ನೀರುಗುಳ್ಳೆ ಎದ್ದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಅದೇ ದಿನ ಫೋನ್ ಮಾಡಿ ಹೋಗಿ.

ಹಂತ 7: ಕಪ್ಪಾದರೆ, ಮತ್ತು ಕಾಯುವುದು

ಹಕ್ಕಳೆ ಉದುರಿದ ದಿನ ಮುಖ ಗುಲಾಬಿ ಬಣ್ಣಕ್ಕಿದ್ದು ಮನಸ್ಸು ಹಿಗ್ಗುತ್ತದೆ. ಎರಡು ಮೂರು ವಾರಕ್ಕೆ ಕೆಲವರ ಮುಖ ಕಪ್ಪಾಗತೊಡಗುತ್ತದೆ. ಜನ ಹೆಚ್ಚು ಕುಗ್ಗುವುದು ಈ ವಾರಗಳಲ್ಲೇ. ಇದು ನಮ್ಮ ಚರ್ಮದಲ್ಲಿ ಆಗಾಗ ಆಗುವುದೇ, ಬಹುಪಾಲು ಜನರಲ್ಲಿ ವಾರಗಳಿಂದ ತಿಂಗಳುಗಳಲ್ಲಿ ತಿಳಿಯಾಗುತ್ತದೆ. ಗಾಬರಿಯಾಗಿ ಅಂಗಡಿಯಿಂದ ಕ್ರೀಮ್ ತರಬೇಡಿ, ಲೇಸರ್ ಮಾಡಿದವರಿಗೇ ತೋರಿಸಿ. ಎಸ್‌ಪಿಎಫ್ 30ಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನನ್ನು ಎರಡು ಬೆರಳಿನುದ್ದ ತೆಗೆದುಕೊಂಡು ಮುಖಕ್ಕೂ ಕುತ್ತಿಗೆಗೂ ಹಚ್ಚಿ. ಹೊರಗಿದ್ದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ನಮ್ಮ ಮೈಬಣ್ಣಕ್ಕೆ ಒಳ್ಳೆಯದು. ಕಣ್ಣಿಗೆ ಕಾಣುವ ಬೆಳಕೂ ಚರ್ಮವನ್ನು ಕಪ್ಪಾಗಿಸುತ್ತದೆ, ಅದನ್ನೂ ಇದು ತಡೆಯುತ್ತದೆ. ಛತ್ರಿ, ದುಪಟ್ಟಾ ಜೊತೆಗಿರಲಿ.

ಕೊಲಾಜನ್ ತುಂಬಲು ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಸಾಮಾನ್ಯವಾಗಿ ಮೂರರಿಂದ ಐದು ಸಿಟ್ಟಿಂಗ್, ನಡುವೆ ನಾಲ್ಕರಿಂದ ಎಂಟು ವಾರ. ದಿನಾ ಕನ್ನಡಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ತಿಂಗಳಿಗೊಮ್ಮೆ ಅದೇ ಕಿಟಕಿ, ಅದೇ ಹೊತ್ತು, ಟಾರ್ಚಿನ ಅದೇ ಅಡ್ಡ ಬೆಳಕಿನಲ್ಲಿ ಫೋಟೊ ತೆಗೆದಿಡಿ. ಕುಳಿ ಪೂರ್ತಿ ಮಾಯವಾಗುವುದಿಲ್ಲ, ಆಳ ಕಡಿಮೆಯಾಗುತ್ತದೆ, ಅಂಚು ಮೆತ್ತಗಾಗುತ್ತದೆ.

ನಾನು ನಾಲ್ಕು ಸಿಟ್ಟಿಂಗ್ ಮಾಡಿಸಿದೆ. ಮೊದಲ ಫೋಟೊ ಮತ್ತು ಕೊನೆಯ ಸಿಟ್ಟಿಂಗ್ ಆದ ಆರು ತಿಂಗಳಿಗೆ ತೆಗೆದದ್ದನ್ನು ಪಕ್ಕಪಕ್ಕ ಇಟ್ಟರೆ ಎಡಗೆನ್ನೆಯ ನೆರಳುಗಳು ಅರ್ಧಕ್ಕಿಂತ ಕಡಿಮೆ ಉಳಿದಿವೆ. ಬಲಗೆನ್ನೆಯಲ್ಲಿ ಅಷ್ಟಿಲ್ಲ. ಮೂಗಿನ ಪಕ್ಕದ ಎರಡು ಸೂಜಿ ಕುಳಿಗಳು ಹಾಗೇ ಇವೆ. ಅವಕ್ಕೆ ಟಿಸಿಎ ಹಾಕಿಸಲು ಡಿಸೆಂಬರ್‌ನಲ್ಲಿ ದಿನ ಕೊಟ್ಟಿದ್ದಾರೆ.