ಸರ್‌ನೇಮನ್ನೇ ಮಗನ ಹೆಸರಾಗಿ ಇಡುವ ಮುಂಚೆ

ಅಮೆರಿಕದಲ್ಲಿ ಹುಟ್ಟುವ ಮಗನಿಗೆ ಕಾರ್ಟರ್, ಪಾರ್ಕರ್, ಲಿಂಕನ್ ಅಂತ ಹೆಸರಿಡುವ ಯೋಚನೆ ಇದೆಯಾ? ಇವೆಲ್ಲ ಮೂಲದಲ್ಲಿ ಸರ್‌ನೇಮ್‌ಗಳೇ. ಅಲ್ಲಿ ಈಗ ಮಾಮೂಲು. ಆದರೆ ಆ ಹೆಸರಿನ ಹಿಂದೆ ಯಾವ ಸರ್‌ನೇಮ್ ಸೇರುತ್ತದೆ ಅಂತಲೂ ನೋಡಿ. 'ಕಾರ್ಟರ್ ಗೌಡ' ಪರವಾಗಿಲ್ಲ. ನಮ್ಮಲ್ಲಿ ಎಷ್ಟೋ ಜನರಿಗೆ ಅಪ್ಪನ ಹೆಸರೇ ಸರ್‌ನೇಮ್ ಅಲ್ವಾ? 'ಪಾರ್ಕರ್ ರಮೇಶ್' ಅಂದರೆ ಯಾವುದು ಹೆಸರು, ಯಾವುದು ಸರ್‌ನೇಮ್ ಅಂತ ಗೊಂದಲ ಗ್ಯಾರಂಟಿ. ವಿಮಾನದ ಟಿಕೆಟ್‌ನಲ್ಲಿ ಸರ್‌ನೇಮ್ ಮೊದಲು ಬಂದು 'ರಮೇಶ್/ಪಾರ್ಕರ್' ಆಗುತ್ತದೆ. ಬರ್ತ್ ಸರ್ಟಿಫಿಕೇಟ್ ಫಾರ್ಮ್ ತುಂಬುವ ಮುಂಚೆ ಎರಡೂ ರೀತಿ ಬರೆದು ನೋಡಿ. ಮುಂದೆ ಪಾಸ್‌ಪೋರ್ಟ್, ಓಸಿಐ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್) ಎಲ್ಲಕ್ಕೂ ಅದೇ ಆಧಾರ.

ಅಮ್ಮನ ತವರಿನ ಹೆಸರು ಉಳಿಸುವ ಆಸೆಯಿದ್ದರೆ ಅದನ್ನು ಮಧ್ಯದ ಹೆಸರಾಗಿ ಇಡುವುದೇ ನನಗೆ ಇಷ್ಟ. ಅಧ್ಯಕ್ಷ ಫ್ರಾಂಕ್ಲಿನ್ ಡೆಲಾನೊ ರೂಸ್‌ವೆಲ್ಟ್ ಅವರ 'ಡೆಲಾನೊ' ತಾಯಿಯ ತವರಿನದೇ.