ನಮ್ಮನೆ ದಾರಿಗೆ ವೈರ್‌ಲೆಸ್ ಅಲಾರಂ ಹಾಕಿದ್ದು: ನನ್ನ ಅನುಭವ

ತೀರ್ಥಹಳ್ಳಿ ಕಡೆಯ ಒಂಟಿ ಮನೆಗಳನ್ನು ಕಂಡವರಿಗೆ ಇದು ಬೇಗ ಅರ್ಥ ಆಗುತ್ತದೆ. ಟಾರು ರಸ್ತೆಯಿಂದ ನಮ್ಮ ಅಂಗಳಕ್ಕೆ ಒಂದು ಫರ್ಲಾಂಗಿಗೂ ಜಾಸ್ತಿ ಮಣ್ಣಿನ ದಾರಿ. ನಡುವೆ ಒಂದು ತಿರುವು, ಒಂದು ಮೋರಿ, ಪಕ್ಕದಲ್ಲಿ ಅಡಿಕೆ ತೋಟ. ಉಣುಗೋಲು (ದಾರಿಗೆ ಅಡ್ಡ ಗಳ ಹಾಕಿದ ಗೇಟು) ದಾಟಿ ಬಂದವರು ಅಂಗಳಕ್ಕೆ ಕಾಲಿಡುವ ತನಕ ಒಳಗಿದ್ದವರಿಗೆ ತಿಳಿಯುವುದಿಲ್ಲ. ಮಳೆಗಾಲದಲ್ಲಂತೂ ಹೆಂಚಿನ ಮೇಲಿನ ಸದ್ದಿಗೆ ಜೀಪು ಬಂದು ನಿಂತರೂ ಕೇಳುವುದಿಲ್ಲ. ಅಪ್ಪಯ್ಯನಿಗೆ ಕಿವಿ ಮಂದ. ಕೊಯ್ಲಿನ ಹೊತ್ತಲ್ಲಿ ಅಡಿಕೆ ಅಂಗಳದಲ್ಲಿ ಒಣಗುತ್ತಿರುತ್ತದೆ, ಅಮ್ಮ ಹಿಂದೆ ಕೊಟ್ಟಿಗೆಯಲ್ಲಿರುತ್ತಾರೆ. ಯಾರೋ ಬರುತ್ತಿದ್ದಾರೆ ಅಂತ ಒಂದೆರಡು ನಿಮಿಷ ಮೊದಲು ಗೊತ್ತಾದರೆ ಸಾಕು ಅನ್ನುವುದೇ ನಮಗೆ ಬೇಕಾಗಿದ್ದದ್ದು.

ಸಿಸಿ ಕ್ಯಾಮೆರಾ ಹಾಕಬಹುದಿತ್ತಲ್ವಾ ಅಂತ ಬಂದವರೆಲ್ಲ ಕೇಳುತ್ತಾರೆ. ಕ್ಯಾಮೆರಾದ ಎದುರು ಯಾರಾದರೂ ಕೂತು ನೋಡಬೇಕು. ಮೊಬೈಲಿಗೆ ಮೆಸೇಜ್ ಬರಲಿ ಅಂದರೆ ಇಂಟರ್ನೆಟ್ ಬೇಕು. ನಮ್ಮಲ್ಲಿ ಗಾಳಿ ಮಳೆ ಬಂತು ಅಂದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಅಲಾರಂಗೆ ಇಂಟರ್ನೆಟ್ಟೂ ಬೇಡ, ಎದುರು ಕೂತು ನೋಡುವವರೂ ಬೇಡ. ದಾರಿಯಲ್ಲಿ ಯಾರಾದರೂ ಹಾದರೆ ಗುರುತಿಸುವ ಒಂದು ಸೆನ್ಸರ್, ಮನೆಯೊಳಗೆ ಸದ್ದು ಮಾಡುವ ಒಂದು ರಿಸೀವರ್. ಎರಡರ ನಡುವೆ ರೇಡಿಯೋ ತರಂಗ, ಅಷ್ಟೇ.

ಕೊಳ್ಳುವ ಮೊದಲು ಯಾವ ಜಾತಿಯ ಸೆನ್ಸರ್ ಅಂತ ತೀರ್ಮಾನ ಆಗಬೇಕು. ನೆಲದಲ್ಲಿ ಹೂಳುವ ಮ್ಯಾಗ್ನೆಟಿಕ್ ಪ್ರೋಬ್ ಇದೆ. ಅದು ಕಬ್ಬಿಣ ಓಡಾಡಿದರೆ ಮಾತ್ರ ಏಳುತ್ತದೆ. ಕಾರು, ಜೀಪು ಬಂದರೆ ಹೇಳುತ್ತದೆ. ದನ, ನಾಯಿ ಬಂದರೆ ಸುಮ್ನಿರುತ್ತದೆ. ವಾಹನದ ಲೆಕ್ಕ ಮಾತ್ರ ಬೇಕಾದವರಿಗೆ ಅದರಷ್ಟು ಒಳ್ಳೆಯದು ಇಲ್ಲ. ಆದರೆ ನಮ್ಮ ದಾರಿಗೆ ಬರುವವರಲ್ಲಿ ನಡೆದು ಬರುವವರೇ ಜಾಸ್ತಿ. ಎರಡು ಕಂಬದ ನಡುವೆ ಕಿರಣ ಹಾಯಿಸುವ ಜೋಡಿ ಸೆನ್ಸರ್ ಕೂಡ ಸಿಗುತ್ತದೆ. ಎರಡೂ ಒಂದಕ್ಕೊಂದು ನೇರ ಇರಬೇಕು, ನಡುವೆ ಒಂದು ಅಡಿಕೆ ಸೋಗೆ ಬಿದ್ದರೂ ಕೆಲಸ ಕೆಟ್ಟಿತು. ಹಾಗಾಗಿ ಮೈ ಶಾಖ ಗುರುತಿಸುವ ಪಿಐಆರ್ ಸೆನ್ಸರನ್ನೇ ತಂದೆ.

ಅಮೆರಿಕದಲ್ಲಿರುವ ತಮ್ಮ ಅಲ್ಲಿಂದಲೇ ತರುತ್ತೇನೆ ಅಂದಿದ್ದ. ಬೇಡ ಅಂದೆ. ಅಲ್ಲಿ 902ರಿಂದ 928 ಮೆಗಾಹರ್ಟ್ಸ್ ತರಂಗ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿದ್ದಾರೆ. ನಮ್ಮಲ್ಲಿ ಆ ಜಾಗದಲ್ಲಿ ಮೊಬೈಲ್ ತರಂಗ ಇದೆ. ಇಲ್ಲಿ ಇಂಥ ಸಣ್ಣ ಸಾಧನಗಳಿಗೆ ಇರುವುದು 865ರಿಂದ 868 ಮೆಗಾಹರ್ಟ್ಸ್, ಮತ್ತೆ ಕಡಿಮೆ ಶಕ್ತಿಯದ್ದಾದರೆ 433ರ ಆಸುಪಾಸು. ಅಲ್ಲಿಯ ಅಡಾಪ್ಟರ್ ನಮ್ಮ 230 ವೋಲ್ಟಿಗೆ ತಡೆಯುತ್ತದಾ ಅನ್ನುವ ಪ್ರಶ್ನೆ ಬೇರೆ.

ಪೆಟ್ಟಿಗೆ ಮೇಲೆ ಬರೆದ ದೂರವನ್ನು ನಂಬಿ ಕಂಬ ನೆಡಬೇಡಿ. ಅದು ಬಯಲಲ್ಲಿ, ಅಡ್ಡ ಏನೂ ಇಲ್ಲದೆ ಅಳೆದ ಲೆಕ್ಕ. ನಮ್ಮಲ್ಲಿ ಮರ, ಧರೆ (ದಾರಿ ಪಕ್ಕದ ಮಣ್ಣಿನ ದಿಬ್ಬ), ಮನೆಯ ದಪ್ಪ ಗೋಡೆ ಎಲ್ಲ ಅಡ್ಡ. ಹೀಗೆ ಪರೀಕ್ಷೆ ಮಾಡಿ: ರಿಸೀವರ್ ಮನೆಯೊಳಗೆ ಇಟ್ಟು, ಸೆನ್ಸರನ್ನು ಕೈಯಲ್ಲಿ ಹಿಡಿದು ದಾರಿಯುದ್ದಕ್ಕೂ ನಡೆಯಿರಿ. ಅಲ್ಲಲ್ಲಿ ನಿಂತು ಅದರ ಎದುರು ಕೈಯಾಡಿಸಿ. ಸದ್ದು ಬಂದಾಗೆಲ್ಲ ಅಮ್ಮ ಜಗಲಿಯಿಂದ ಕೂಗು ಹಾಕುತ್ತಿದ್ದರು, ತಿರುವಿನ ಆಚೆಗೆ ಕೂಗು ನಿಂತುಹೋಯಿತು. ರಿಸೀವರನ್ನು ನಡುಮನೆಯಿಂದ ಜಗಲಿಯ ಕಿಟಕಿಗೆ ತಂದಿಟ್ಟ ಮೇಲೆ ಉಣುಗೋಲಿನವರೆಗೂ ಸಿಕ್ಕಿತು. ಇದನ್ನು ಬೇಸಿಗೆಯಲ್ಲಿ ಮಾಡಿದರೆ ಜೋರು ಮಳೆಯಲ್ಲಿ ಇನ್ನೊಮ್ಮೆ ಮಾಡಲೇಬೇಕು. ಒದ್ದೆ ಎಲೆ ತರಂಗವನ್ನು ತಿನ್ನುತ್ತದೆ. ಬೇಸಿಗೆಯಲ್ಲಿ ಅಂಚಿಗೆ ನಿಂತದ್ದು ಆಷಾಢದಲ್ಲಿ ಕೈಕೊಡುತ್ತದೆ.

ಇನ್ನು ಸೆನ್ಸರ್ ಕೂರಿಸುವ ಜಾಗ. ದುಡ್ಡು ಎಷ್ಟು ಕೊಟ್ಟಿರಿ ಅನ್ನುವುದಕ್ಕಿಂತ ಇದು ಮುಖ್ಯ ಅಂತ ನಾನು ಖಂಡಿತ ಹೇಳುತ್ತೇನೆ. ಈ ಸೆನ್ಸರಿನ ಒಳಗೆ ಎರಡು ಭಾಗ ಇರುತ್ತದೆ. ಶಾಖ ಒಂದರ ನೋಟದಿಂದ ಇನ್ನೊಂದರ ನೋಟಕ್ಕೆ ದಾಟಿದಾಗ ಅದು ಎಚ್ಚರಾಗುತ್ತದೆ. ಅಂದರೆ ಅಡ್ಡ ಹಾಯುವವರನ್ನು ಚೆನ್ನಾಗಿ ಹಿಡಿಯುತ್ತದೆ, ನೇರ ಎದುರಿಗೆ ನಡೆದು ಬರುವವರನ್ನು ತಡವಾಗಿ ಹಿಡಿಯುತ್ತದೆ. ದಾರಿ ಉದ್ದಕ್ಕೆ ಮುಖ ಮಾಡಿ ಇಡಬಾರದು, ಅಡ್ಡ ನೋಡುವ ಹಾಗೆ ಇಡಬೇಕು. ಉಣುಗೋಲಿನ ಒಳಗೆ ಒಂದು ಕಡೆ ತೋಟದ ಬೇಲಿ, ಇನ್ನೊಂದು ಕಡೆ ಆಳೆತ್ತರದ ಧರೆ ಇದೆ. ಬೇಲಿಯ ಕಲ್ಲುಕಂಬಕ್ಕೆ ಸೆನ್ಸರ್ ಕಟ್ಟಿ ಮುಖವನ್ನು ಧರೆಗೆ ತಿರುಗಿಸಿದೆ. ಹಿಂದೆ ಗಟ್ಟಿ ಮಣ್ಣಿನ ಗೋಡೆ ಇರುವುದರಿಂದ ಟಾರು ರಸ್ತೆಯ ಬಸ್ಸು, ದೂರದ ಬಿಸಿಲಿಗೆ ಕಾದು ಅಲ್ಲಾಡುವ ಕೊಂಬೆ ಯಾವುದೂ ಅದಕ್ಕೆ ಕಾಣುವುದಿಲ್ಲ. ಸುಳ್ಳು ಸದ್ದು ಬರುವುದೇ ಇಂಥವುಗಳಿಂದ. ಮುಖ ಉತ್ತರಕ್ಕೆ ಇದ್ದರೆ ಬೆಳಗಿನ, ಸಂಜೆಯ ಬಿಸಿಲು ನೇರ ಹೊಡೆಯುವುದೂ ತಪ್ಪುತ್ತದೆ. ದಾರಿ ಕಿರಿದಾದಷ್ಟೂ ಒಳ್ಳೆಯದು. ಮಳೆಯಲ್ಲಿ ಕೊಪ್ಪೆ, ರೇನ್‌ಕೋಟ್ ಹಾಕಿದವರ ಮೈ ಶಾಖ ಹೊರಗೆ ಅಷ್ಟಾಗಿ ಬರುವುದಿಲ್ಲ. ಹತ್ತಿರದಲ್ಲೇ ಹಾದುಹೋದರೆ ಅವರೂ ಸಿಗುತ್ತಾರೆ.

ಎತ್ತರ ಸೊಂಟದ ಮಟ್ಟಕ್ಕಿಂತ ಸ್ವಲ್ಪ ಮೇಲೆ ಇರಲಿ. ನಾಯಿ, ಮುಂಗುಸಿ, ಕೋಳಿ ತಪ್ಪಿಸಲು ಬಿಳಿ ಲೆನ್ಸಿನ ಕೆಳಭಾಗದ ಗೆರೆಗಳಿಗೆ ಎಲೆಕ್ಟ್ರಿಷಿಯನ್ನರ ಕಪ್ಪು ಟೇಪ್ ಅಂಟಿಸಿದೆ. ನೆಲದ ಹತ್ತಿರದ ನೋಟ ಅಷ್ಟಕ್ಕೆ ಮುಚ್ಚಿಹೋಗುತ್ತದೆ. ಸ್ವಲ್ಪ ಸ್ವಲ್ಪ ಅಂಟಿಸಿ, ನಡೆದು ನೋಡಿ, ಆಮೇಲೆ ಮುಂದುವರಿಸಿ. ದನ ಮಾತ್ರ ತಪ್ಪಿಸಲು ಆಗುವುದಿಲ್ಲ, ಅದರ ಮೈ ಮನುಷ್ಯನದಕ್ಕಿಂತ ದೊಡ್ಡದು. ಮೇಯಲು ಬಿಡುವ ಹೊತ್ತಿಗೂ ವಾಪಸು ಬರುವ ಹೊತ್ತಿಗೂ ಅದು ಬಡಿದುಕೊಳ್ಳುತ್ತದೆ. ಈಗ ಆ ಸದ್ದು ಕೇಳಿಯೇ ಅಮ್ಮ ಕೊಟ್ಟಿಗೆ ಬಾಗಿಲು ತೆಗೆಯುತ್ತಾರೆ.

ಆಗುಂಬೆ ನಮಗೆ ದೂರವಲ್ಲ. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ ಅಲ್ಲಿಯದ್ದು, ನಮಗೂ ಅದರ ಪಾಲು ಇದೆ. ಸಾಧನ ನೀರು, ದೂಳು ಎಷ್ಟು ತಡೆಯುತ್ತದೆ ಅನ್ನುವುದಕ್ಕೆ ಐಪಿ ಅನ್ನುವ ಗುರುತು ಇರುತ್ತದೆ. ಹಾಗಾಗಿ ಐಪಿ 44 ಅಂತ ಬರೆದದ್ದನ್ನು ಬಿಟ್ಟು ಐಪಿ 65 ಇರುವುದನ್ನು ಆರಿಸಿದೆ. ಮೊದಲನೆಯದು ನೀರು ಸಿಡಿದರೆ ತಡೆಯುತ್ತದೆ, ಎರಡನೆಯದು ಪೈಪಿನಲ್ಲಿ ನೀರು ಬಿಟ್ಟರೂ ತಡೆಯುತ್ತದೆ. ಅದರ ಮೇಲೂ ನಾಲ್ಕಿಂಚಿನ ಪಿವಿಸಿ ಪೈಪಿನ ಗೇಣುದ್ದದ ತುಂಡು ಹಾಕಿ ಮುಂದಕ್ಕೆ ಚಾಚಿದೆ. ಮಳೆ, ಬಿಸಿಲು ಎರಡಕ್ಕೂ ಅದೇ ಸೂರು. ಅಕ್ಕಪಕ್ಕದ ನೋಟವನ್ನೂ ಅದು ಕಟ್ಟುತ್ತದೆ. ಸೋಲಾರ್ ಇರುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ತೋಟದ ನೆರಳು, ತಿಂಗಳುಗಟ್ಟಲೆ ಮೋಡ, ಚಾರ್ಜ್ ಎಲ್ಲಿಂದ ಆಗಬೇಕು? ಆಲ್ಕಲೈನ್ ಪೆನ್ಸಿಲ್ ಸೆಲ್ ಹಾಕಿ. ಅಗ್ಗದ ಸೆಲ್ ಸೋರಿ ಪಟ್ಟಿಗೆ ಕಿಲುಬು ಹಿಡಿಸುತ್ತದೆ.

ನೀರಿಗಿಂತ ಕಾಟ ಕೊಡುವುದು ಹುಳುಹುಪ್ಪಡಿ. ಜೇಡ ಲೆನ್ಸಿನ ಎದುರೇ ಬಲೆ ಕಟ್ಟುತ್ತದೆ. ಇರುವೆ ಸ್ಕ್ರೂ ತೂತಿನಲ್ಲಿ ಮೊಟ್ಟೆ ಇಡುತ್ತದೆ. ಸ್ಕ್ರೂ ತೂತಿಗೆ ಸಿಲಿಕೋನ್ ತುಂಬಿ, ಆದರೆ ಕೆಳಗೆ ನೀರು ಇಳಿಯಲು ಬಿಟ್ಟ ತೂತು ಮುಚ್ಚಬೇಡಿ. ತೋಟಕ್ಕೆ ಹೋಗಿ ಬರುವಾಗ ಒಣ ಬಟ್ಟೆಯಲ್ಲಿ ಲೆನ್ಸ್ ಒರೆಸಿದರೆ ಆಯಿತು. ಮಳೆ ಹಿಡಿದ ಮೇಲೆ ಧರೆ ತುಂಬ ಜರಿಗಿಡ ಎದ್ದು ನಿಲ್ಲುತ್ತದೆ, ಸೆನ್ಸರಿಗೆ ಎದುರಿರುವಷ್ಟನ್ನು ಕತ್ತಿಯಲ್ಲಿ ಸವರಬೇಕು.

ರಿಸೀವರಿನಲ್ಲಿ ಬೇರೆ ಬೇರೆ ಸದ್ದು ಇರುತ್ತದೆ. ಕೀರಲು ಬೀಪ್ ಅಪ್ಪಯ್ಯನಿಗೆ ಕೇಳಲೇ ಇಲ್ಲ. ವಯಸ್ಸಾದಂತೆ ಮೊದಲು ಹೋಗುವುದು ತೆಳು ದನಿ ಕೇಳುವ ಶಕ್ತಿ. ದಪ್ಪ ದನಿಯ ಡಿಂಗ್ ಡಾಂಗ್ ಹಾಕಿದ ಮೇಲೆ ಜಗಲಿಯಲ್ಲಿ ಪೇಪರ್ ಓದುತ್ತಿದ್ದವರು ತಲೆಯೆತ್ತಿ, "ಯಾರೋ ಬಂದ್ರು ಕಣೇ" ಅಂತ ಒಳಗೆ ಕೂಗಿದರು. ಮಿನುಗುವ ದೀಪ ಇದ್ದರೆ ಇನ್ನೂ ಒಳ್ಳೆಯದು. ಕರೆಂಟ್ ಹೋದರೂ ನಡೆಯಬೇಕು, ಅದಕ್ಕೆ ಇನ್ವರ್ಟರ್ ಪಾಯಿಂಟಿಗೇ ಸಿಕ್ಕಿಸಿದ್ದೇನೆ.

ಒಂದೇ ರಿಸೀವರಿಗೆ ಹಲವು ಸೆನ್ಸರ್ ಜೋಡಿಸಲು ಬರುವುದನ್ನೇ ಕೊಳ್ಳಿ. ಮುಂದಿನ ಕೊಯ್ಲಿಗೆ ಮೊದಲು ಮೋರಿಯ ಹತ್ತಿರ ಇನ್ನೊಂದು ಹಾಕಿ ಅದಕ್ಕೆ ಬೇರೆ ಸದ್ದು ಕೊಟ್ಟೆ. ಉಣುಗೋಲಿನದ್ದು ಮೊದಲು, ಮೋರಿಯದ್ದು ಆಮೇಲೆ ಬಡಿದರೆ ಮನೆಗೆ ಬರುವವರು. ಉಲ್ಟಾ ಆದರೆ ಹೊರಗೆ ಹೋಗುವವರು. ರಾತ್ರಿ ಉಣುಗೋಲಿನದ್ದು ಬಡಿದು, ಮೋರಿಯದ್ದು ಬಡಿಯಲೇ ಇಲ್ಲ ಅಂದರೆ ತೋಟಕ್ಕೆ ಇಳಿದಿರಬಹುದು. ಆಗ ಅಂಗಳದ ದೀಪ ಹಾಕಿ, ದೊಡ್ಡ ಟಾರ್ಚು ಬಿಟ್ಟು, ಜಗಲಿಯಿಂದಲೇ "ಯಾರದು?" ಅಂತ ಕೇಳುತ್ತೇವೆ. ಪಕ್ಕದ ಮನೆಯವರಿಗೂ ಕೇಳುವಷ್ಟು ಜೋರಾಗಿ.