ಶಾಲೆಯಿಂದ ‘ತಕ್ಷಣ ಬನ್ನಿ’ ಅಂತ ಫೋನ್ ಬಂದರೆ

ಆ ಫೋನ್ ನನಗೆ ಬಂದಿದ್ದು ಒಂದು ಬುಧವಾರ, ಬೆಳಿಗ್ಗೆ ಹನ್ನೊಂದೂಮುಕ್ಕಾಲಿಗೆ. ಹಾಸನದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಮದುವೆ ಬ್ಲೌಸಿಗೆ ಲೈನಿಂಗ್ ಕೂರಿಸ್ತಾ ಇದ್ದೆ. ‘ಮೇಡಂ, ತಕ್ಷಣ ಬನ್ನಿ, ಫೋನಲ್ಲಿ ಹೇಳೋಕಾಗಲ್ಲ’ ಅಂದರು. ಕೈಕಾಲೇ ಆಡಲಿಲ್ಲ.

ಮಗಳು ಆಗ ಎಂಟನೇ ಕ್ಲಾಸ್. ಬದುಕೋದು ಬೇಡ ಅನ್ನಿಸಿದೆ ಅಂತ ರಫ್ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದಿದ್ದಳು. ಪಕ್ಕದ ಹುಡುಗಿ ನೋಡಿ ಟೀಚರಿಗೆ ಹೇಳಿದ್ದಳು. ಆ ಹುಡುಗಿಗೆ ನಾನು ಇವತ್ತಿಗೂ ಋಣಿ. ಈಗ ಎರಡೂವರೆ ವರ್ಷ ಆಯ್ತು, ಮಗಳು ಚೆನ್ನಾಗಿದ್ದಾಳೆ. ಆದರೆ ಅವತ್ತು ನನಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಅವಳಿಗೆ ಅಷ್ಟು ನೋವಾಗ್ತಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಫೋನ್ ಇಡುವ ಮೊದಲು

ಎರಡೇ ಪ್ರಶ್ನೆ ಕೇಳಿ. ಮಗು ಈಗ ಯಾರ ಜೊತೆ ಇದೆ? ಮೈಗೆ ಏನಾದರೂ ಆಗಿದೆಯಾ, ಏನಾದರೂ ತಗೊಂಡಿದೆಯಾ? ಹೌದು ಅಂದರೆ ‘ನಾನು ಬರೋ ತನಕ ಕಾಯಬೇಡಿ, 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಕರ್ಕೊಂಡು ಹೋಗಿ, ನಾನು ಅಲ್ಲಿಗೇ ಬರ್ತೀನಿ’ ಅಂತ ಸ್ಪಷ್ಟವಾಗಿ ಹೇಳಿ. ಅಪ್ಪ ಅಮ್ಮ ಒಪ್ಪಬೇಕಲ್ಲ ಅಂತ ಕೆಲವು ಶಾಲೆಯವರು ಕಾಯುತ್ತಾ ಕೂರುತ್ತಾರೆ. ಆ ಹೊತ್ತನ್ನು ಕಳೆಯಬಾರದು.

ಇಲ್ಲ ಅಂದರೆ, ‘ಒಬ್ಬಳನ್ನೇ ಬಿಡಬೇಡಿ, ಮನೆಗೆ ಒಬ್ಬಳನ್ನೇ ಕಳಿಸಬೇಡಿ’ ಅಂತ ಹೇಳಿ ಹೊರಡಿ.

ಮೊದಲು ಮಗು, ಆಮೇಲೆ ಹೆಡ್‌ಮಾಸ್ಟರು

ನಾನು ಹೋದಾಗ ಮಗಳು ಆಫೀಸಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಆಯಾ ಇದ್ದರು. ಅವರಿಗೆ ಯಾರೂ ಕೂರಿ ಅಂತ ಹೇಳಿರಲಿಲ್ಲವಂತೆ, ತಾವೇ ಬಂದು ಕೂತಿದ್ದರು. ಮಗಳು ತಲೆ ಬಗ್ಗಿಸಿ ಯೂನಿಫಾರ್ಮ್ ಲಂಗದ ಅಂಚಿನ ದಾರ ಎಳೀತಾ ಇದ್ದಳು. ಎರಡು ವರ್ಷ ಬರಲಿ ಅಂತ ನಾನೇ ಬಟ್ಟೆ ಜಾಸ್ತಿ ಬಿಟ್ಟು ಎರಡು ಸುತ್ತು ಹೊಲಿದಿದ್ದೆ. ಅರ್ಧ ಅಂಚು ಬಿಚ್ಚಿಹೋಗಿತ್ತು. ದಾರ ಅವಳ ಬೆರಳಿಗೆ ಸುತ್ತಿಕೊಂಡು ತುದಿ ಕೆಂಪಾಗಿತ್ತು.

ನಾನು ಮಾಡಿದ ತಪ್ಪು ಅಲ್ಲೇ. ‘ಯಾಕೆ ಹಿಂಗ್ ಬರೆದೆ? ನಾವೇನು ಕಮ್ಮಿ ಮಾಡಿದ್ವಿ ನಿಂಗೆ?’ ಅಂದುಬಿಟ್ಟೆ. ಅವಳ ಬಾಯಿ ಕಟ್ಟಿಹೋಯಿತು. ನೀವು ಹಾಗೆ ಕೇಳಬೇಡಿ. ಪಕ್ಕದಲ್ಲಿ ಕೂತು ‘ಬಂದೆ ಕಣೇ, ಬೈಯಲ್ಲ, ಮನೆಗೆ ಹೋಗೋಣ’ ಅಂದರೆ ಸಾಕು. ಐದು ನಿಮಿಷ ಅಲ್ಲೇ ಇದ್ದು ಆಮೇಲೆ ಒಳಗೆ ಹೋಗಿ. ಒಳಗೆ ಮಾತಾಡುವಾಗ ಮಗುವನ್ನು ಎದುರಿಗೆ ನಿಲ್ಲಿಸಿಕೊಳ್ಳಬೇಡಿ.

ಒಳಗೆ ನಿಮ್ಮ ಕೆಲಸ ಜಗಳ ಅಲ್ಲ, ತಿಳಿದುಕೊಳ್ಳೋದು. ಏನು ಕಂಡಿತು, ಯಾರು ನೋಡಿದರು, ಎಷ್ಟು ಹೊತ್ತಿಗೆ, ಆಮೇಲೆ ಮಗುವಿಗೆ ಯಾರು ಏನು ಹೇಳಿದರು, ಇನ್ನೂ ಯಾರ್‍ಯಾರಿಗೆ ಗೊತ್ತಾಗಿದೆ? ಇಷ್ಟನ್ನೂ ಕೇಳಿ ಬರೆದುಕೊಳ್ಳಿ. ನಾನು ಬ್ಯಾಗಲ್ಲಿದ್ದ ಅಳತೆ ಪುಸ್ತಕದ ಹಿಂದೆಯೇ ಬರೆದುಕೊಂಡೆ. ಮಗು ಬರೆದ ಪುಟ ಇದ್ದರೆ ನಿಮಗೇ ಕೊಡಿ ಅಂತ ಕೇಳಿ, ಅದು ಡಾಕ್ಟರಿಗೆ ಬೇಕಾಗುತ್ತದೆ. ಅವಳ ನೋಟ್‌ಬುಕ್ ಅಷ್ಟರಲ್ಲಿ ಸ್ಟಾಫ್ ರೂಮಲ್ಲಿ ನಾಲ್ಕೈದು ಕೈ ದಾಟಿತ್ತು. ‘ಇನ್ನು ಮುಂದೆ ಯಾರಿಗೂ ತೋರಿಸಬೇಡಿ’ ಅಂತ ನಾನು ಹೇಳಬೇಕಿತ್ತು. ಹೊಳೆಯಲಿಲ್ಲ.

ಸಹಿ, ಟಿ.ಸಿ., ಪೊಲೀಸ್

ಇನ್ನು ಮುಂದೆ ಏನಾದರೂ ಆದರೆ ಶಾಲೆ ಜವಾಬ್ದಾರಿ ಅಲ್ಲ ಅಂತ ಟೈಪ್ ಮಾಡಿದ ಕಾಗದವನ್ನು ನನ್ನ ಮುಂದಿಟ್ಟರು. ಅಂಥದ್ದಕ್ಕೆ ಅಲ್ಲೇ ಕೂತು ಸಹಿ ಹಾಕಬೇಕಾಗಿಲ್ಲ. ‘ಮನೇಲಿ ಓದಿ ನೋಡ್ತೀನಿ’ ಅಂದರೆ ಮುಗಿಯಿತು. ಒತ್ತಾಯ ಮಾಡಿದರೆ ‘ಇಂಥ ದಿನ, ಇಷ್ಟು ಗಂಟೆಗೆ ಮಗಳನ್ನು ಮನೆಗೆ ಕರೆದುಕೊಂಡು ಹೋಗುತ್ತಿದ್ದೇನೆ’ ಅಂತ ನೀವೇ ಕೈಯಾರೆ ಬರೆದು ಅದಕ್ಕೆ ಸಹಿ ಹಾಕಿ.

ಆಮೇಲೆ ಬಂದಿದ್ದು ಟಿ.ಸಿ. ಮಾತು. ‘ಬೇರೆ ಶಾಲೆ ನೋಡಿಕೊಂಡರೆ ಮಗುಗೇ ಒಳ್ಳೇದಲ್ವಾ’ ಅಂದರು. ನಮ್ಮ ಯಜಮಾನರು ಸಿಟ್ಟಲ್ಲಿ ‘ಕೊಡಿ ಹಂಗಾದ್ರೆ’ ಅಂದರು. ಹೊರಗೆ ಕೂತಿದ್ದ ಮಗಳಿಗೆ ಅದು ಕೇಳಿಸಿತು. ತನ್ನನ್ನು ಶಾಲೆಯಿಂದ ಓಡಿಸುತ್ತಿದ್ದಾರೆ ಅಂತಲೇ ಅವಳು ತಿಳಿದಳು. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ಕ್ಲಾಸ್ ಮುಗಿಯುವ ತನಕ ಮಗುವನ್ನು ಶಾಲೆಯಿಂದ ತೆಗೆದುಹಾಕುವ ಹಾಗಿಲ್ಲ. 17ನೇ ಸೆಕ್ಷನ್ ಹೊಡೆಯೋದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಮುಂದೆ ನಿಮಗೇ ಶಾಲೆ ಬದಲಿಸಬೇಕು ಅನ್ನಿಸಿದರೆ ಬದಲಿಸಿ, ಅದು ನಿಮ್ಮ ಇಷ್ಟ. ಆದರೆ ಆ ದಿನ, ಆ ಸಿಟ್ಟಿನಲ್ಲಿ ಟಿ.ಸಿ. ಕೇಳಬೇಡಿ.

ಪೊಲೀಸ್ ಕೇಸ್ ಆಗುತ್ತೆ ಅಂತಲೂ ಹೆದರಿಸುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಏನು ಹೇಳುತ್ತದೆ ಗೊತ್ತಾ? ಪ್ರಾಣ ಕಳೆದುಕೊಳ್ಳಲು ಹೋದವರು ತೀವ್ರ ಒತ್ತಡದಲ್ಲಿದ್ದರು ಎಂದೇ ತಿಳಿಯಬೇಕು. ಶಿಕ್ಷೆ ಅಲ್ಲ, ಆರೈಕೆ ಕೊಡಬೇಕು. ಮೈಗೆ ಏನಾದರೂ ಆಗಿದ್ದರೆ ಆಸ್ಪತ್ರೆಯವರು ಎಂಎಲ್‌ಸಿ (ಪೊಲೀಸರಿಗೂ ತಿಳಿಸುವ ಆಸ್ಪತ್ರೆಯ ದಾಖಲೆ) ಬರೆಯಬಹುದು. ಅದಕ್ಕೆ ಹೆದರಿ ಆಸ್ಪತ್ರೆಗೆ ಹೋಗದೆ ಇರಬೇಡಿ.

ಅದೇ ದಿನ, ಅದೇ ರಾತ್ರಿ

ಡಾಕ್ಟರ ಹತ್ತಿರ ನಾಳೆ ಹೋದರಾಯ್ತು ಅನ್ನಬೇಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆ. ಅಲ್ಲಿಗೆ ಹೋಗುವ ತನಕ, ಅಥವಾ ನಡುರಾತ್ರಿ ದಿಕ್ಕು ತೋಚದೆ ಹೋದರೆ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಸಹಾಯವಾಣಿ. ದುಡ್ಡಿಲ್ಲ, ಇಡೀ ದಿನ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಗುವೇ ಮಾಡಬೇಕು ಅಂತಿಲ್ಲ. ನಾನು ರಾತ್ರಿ ಒಂದು ಗಂಟೆಗೆ ಅಡುಗೆಮನೆಯಲ್ಲಿ ಕೂತು ಮಾಡಿದ್ದೆ.

ಮನೆಯಲ್ಲಿರುವ ಮಾತ್ರೆ ಎಲ್ಲ ಬೀಗ ಹಾಕಿಡಿ, ಅಜ್ಜಿಯ ಬಿ.ಪಿ. ಮಾತ್ರೆಯೂ ಸೇರಿ. ನಮ್ಮ ಕಡೆ ಶುಂಠಿಗೆ, ಆಲೂಗಡ್ಡೆಗೆ ಹೊಡೆಯುವ ಔಷಧಿ ಮನೆ ಮೂಲೆಯಲ್ಲೇ ಇರುತ್ತೆ. ಅದು ಮನೆಯಲ್ಲಿ ಇರಲೇಬಾರದು. ಆ ಸಂಜೆಯೇ ನಮ್ಮ ಯಜಮಾನರು ಅದನ್ನು ಊರಲ್ಲಿರುವ ಅಣ್ಣನ ತೋಟದ ಮನೆಗೆ ಸಾಗಿಸಿ ಬಂದರು. ಎಷ್ಟೋ ಸಲ ಆ ಯೋಚನೆ ಬಂದು ಹೋಗುವ ಗಳಿಗೆ ಚಿಕ್ಕದು. ಆ ಗಳಿಗೆಯಲ್ಲಿ ಕೈಗೆ ಏನೂ ಸಿಗದೆ ಇದ್ದರೆ ಮಗು ಉಳಿಯುತ್ತದೆ.

ಆಮೇಲೆ ಕೇಳಿ, ನೇರವಾಗಿ ಕೇಳಿ: ‘ಸಾಯಬೇಕು ಅಂತ ಈಗಲೂ ಅನ್ನಿಸ್ತಿದೆಯಾ ಕಂದಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತೆ ಅನ್ನೋ ಭಯ ನನಗೂ ಇತ್ತು. ಹಾಗಾಗಲ್ಲ ಅಂತ ಡಾಕ್ಟರ್ ಬಿಡಿಸಿ ಹೇಳಿದರು. ಕೇಳಿದ ಮೇಲೆ ಅವಳು ಮೊದಲ ಸಲ ಅತ್ತಳು.

ಎಲ್ಲಾ ನಮಗೆ ಹೇಳಲೇಬೇಕಾ?

ಇದು ಕಷ್ಟದ ವಿಷಯ. ಜೀವಕ್ಕೆ ಅಪಾಯ ಇದೆ ಅಂತ ಗೊತ್ತಾದರೆ ಶಾಲೆ, ಕೌನ್ಸೆಲರ್ ಯಾರೇ ಆಗಲಿ ನಿಮ್ಮಿಂದ ಮುಚ್ಚಿಡಬಾರದು. ಚಿಕಿತ್ಸೆಯ ವಿಷಯದಲ್ಲಿ ಹದಿನೆಂಟು ತುಂಬದ ಮಕ್ಕಳ ಪರವಾಗಿ ನಿರ್ಧಾರ ಮಾಡುವವರು ಅವರ ಪೋಷಕರೇ. ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ನೀವೋ ನೀವು ಗೊತ್ತು ಮಾಡಿದವರೋ ಪೂರ್ತಿ ಜೊತೆಗಿರಬೇಕು, ಮಕ್ಕಳನ್ನು ದೊಡ್ಡವರಿಂದ ಬೇರೆಯಾಗಿ ಇಡಬೇಕು ಅಂತ ಅದೇ 2017ರ ಕಾಯ್ದೆ ಹೇಳುತ್ತದೆ.

ಆದರೆ ಕೌನ್ಸೆಲರ್ ಜೊತೆ ಮಗು ಆಡಿದ ಪ್ರತಿ ಮಾತೂ ನಮಗೆ ಬೇಕು ಅಂತ ಹಟ ಹಿಡಿಯಬಾರದು. ನಾನು ಹಿಡಿದಿದ್ದೆ. ಮಗಳು ಎರಡು ವಾರ ಅವರ ಹತ್ತಿರ ಬಾಯಿ ಬಿಡಲಿಲ್ಲ. ‘ಅಪಾಯ ಇದೆಯಾ, ನಾವು ಮನೇಲಿ ಏನು ಮಾಡಬೇಕು’ ಅಂತ ಕೇಳಿ, ಉಳಿದದ್ದು ಬಿಟ್ಟುಬಿಡಿ. ಶಾಲೆಗೂ ಅಷ್ಟೇ, ಡಾಕ್ಟರ ಚೀಟಿಗಳಿರುವ ಪೂರ್ತಿ ಫೈಲ್ ಕೊಡಬೇಡಿ. ಕಾಯಿಲೆ ಹೆಸರು ಇಲ್ಲದೆ, ‘ಶಾಲೆಗೆ ಬರಬಹುದು, ಇಂಥಿಂಥ ಅನುಕೂಲ ಬೇಕು’ ಅಂತ ಡಾಕ್ಟರ ಹತ್ತಿರ ಬರೆಸಿಕೊಳ್ಳಿ.

ಶಾಲೆ ಏನು ಮಾಡಬೇಕು

ನನಗೆ ಇಲ್ಲದಿದ್ದ ಒಂದು ಬಲ ಈಗ ನಿಮಗಿದೆ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ವಿಶಾಖಪಟ್ಟಣದಲ್ಲಿ ನೀಟ್ ಕೋಚಿಂಗಿಗೆ ಅಂತ ಹಾಸ್ಟೆಲಿನಲ್ಲಿದ್ದ ಹದಿನೇಳರ ಮಗಳನ್ನು ಕಳೆದುಕೊಂಡ ಅಪ್ಪ ಕೋರ್ಟ್ ಮೆಟ್ಟಿಲು ಹತ್ತಿದ್ದರು. ಕೋರ್ಟ್ ಕೊಟ್ಟ 15 ಮಾರ್ಗಸೂಚಿಗಳು ಶಾಲೆ, ಕಾಲೇಜು, ಕೋಚಿಂಗ್ ಸೆಂಟರ್, ಹಾಸ್ಟೆಲ್ ಎಲ್ಲಕ್ಕೂ ಅನ್ವಯ. ನೂರು ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳಿದ್ದರೆ ತರಬೇತಾದ ಕೌನ್ಸೆಲರ್ ಒಬ್ಬರಾದರೂ ಇರಬೇಕು. ಕಮ್ಮಿ ಇದ್ದರೆ ಹೊರಗಿನ ತಜ್ಞರ ಜೊತೆ ಏರ್ಪಾಡು ಇರಬೇಕು. ಇಂಥ ಹೊತ್ತಲ್ಲಿ ಯಾರು ಏನು ಮಾಡಬೇಕು ಅನ್ನೋದು ಬರಹದಲ್ಲಿರಬೇಕು. ಸಹಾಯವಾಣಿ ನಂಬರ್ ದಪ್ಪ ಅಕ್ಷರದಲ್ಲಿ ಕಾಣುವ ಹಾಗಿರಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ. ಮಾರ್ಕ್ಸ್ ನೋಡಿ ಮಕ್ಕಳನ್ನು ಬೇರೆ ಬೇರೆ ಬ್ಯಾಚ್ ಮಾಡೋದು, ಎಲ್ಲರ ಮುಂದೆ ಅವಮಾನ ಮಾಡೋದು, ಇವನ್ನು ಸಾಧ್ಯವಾದಷ್ಟು ಮಟ್ಟಿಗೆ ಮಾಡಬಾರದು.

ಆ ಕೊನೇ ಸಾಲು ಓದಿದಾಗ ನನಗೆ ಗಂಟಲು ಕಟ್ಟಿತು. ನನ್ನ ಮಗಳನ್ನು ‘ವೀಕ್ ಸೆಕ್ಷನ್’ಗೆ ಹಾಕಿ, ಗಣಿತದ ಮಾರ್ಕ್ಸನ್ನು ಎದ್ದು ನಿಲ್ಲಿಸಿ ಓದಿಸುತ್ತಿದ್ದರು. ಅದನ್ನೇ ಅವಳು ಆ ಪುಟದಲ್ಲಿ ಬರೆದಿದ್ದು.

ಮೂರನೇ ದಿನದ ಹೊತ್ತಿಗೆ ಶಾಲೆಗೆ ಒಂದು ಪತ್ರ ಕೊಡಿ. ಹೀಗೆ ಬರೆದರೆ ಸಾಕು:

‘ಮಾನ್ಯರೇ, ನನ್ನ ಮಗಳು ಇಂಥ ತರಗತಿಯಲ್ಲಿ ಓದುತ್ತಿದ್ದಾಳೆ. ಇಂಥ ದಿನ ನಡೆದದ್ದರ ಬಗ್ಗೆ ಶಾಲೆಯ ದಾಖಲೆಯ ಒಂದು ಪ್ರತಿ ಕೊಡಿ. ಈ ವಿಷಯ ತಿಳಿದಿರುವ ಸಿಬ್ಬಂದಿ ಬೇರೆ ಯಾರಿಗೂ ಹೇಳದಂತೆ ತಿಳಿಸಿ. ಅವಳು ಮರಳಿ ಬರುವ ಮೊದಲು ತರಗತಿ ಶಿಕ್ಷಕರು, ಕೌನ್ಸೆಲರ್ ಮತ್ತು ನಾವು ಒಮ್ಮೆ ಕೂತು ಮಾತಾಡಲು ದಿನ ಗೊತ್ತು ಮಾಡಿ.’

ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಬಾಯಿಮಾತಲ್ಲಿ ಕೇಳಿದಾಗ ನಾಳೆ ನಾಡಿದ್ದು ಅಂದವರು ಸೀಲು ಬಿದ್ದ ಮೇಲೆ ಎರಡೇ ದಿನಕ್ಕೆ ಕರೆದರು.

ಅವರು ಕೇಳಲೇ ಇಲ್ಲ ಅಂದರೆ ಅದೇ ಪ್ರತಿ ಹಿಡಿದು ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸು, ಆಮೇಲೆ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರು), ಅಲ್ಲೂ ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ಮಕ್ಕಳ ಸಹಾಯವಾಣಿ 1098 ಇದ್ದೇ ಇದೆ. ಒಂದು ಮಾತ್ರ ಬೇರೆ: ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಈ ಮೆಟ್ಟಿಲು ಹತ್ತುತ್ತಾ ಕೂರಬೇಡಿ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸಲೇಬೇಕು, ಶಾಲೆಯೂ ಮುಚ್ಚಿಡುವ ಹಾಗಿಲ್ಲ.

ಮತ್ತೆ ಶಾಲೆಗೆ

ನಮ್ಮ ಮಾತುಕತೆಯಲ್ಲಿ ಗೊತ್ತಾಗಿದ್ದು ಇಷ್ಟು. ಮೊದಲ ವಾರ ಅರ್ಧ ದಿನ. ಬಿಟ್ಟುಹೋದ ನೋಟ್ಸ್ ಬರೆಯೋಕೆ ಒಂದು ತಿಂಗಳು. ಯಾರೂ ಕ್ಲಾಸಲ್ಲಿ ‘ಏನಾಗಿತ್ತು’ ಅಂತ ಕೇಳಬಾರದು. ಉಸಿರು ಕಟ್ಟಿದ ಹಾಗೆ ಆದರೆ ಅವಳು ಅನುಮತಿ ಕೇಳದೆ ಎದ್ದು ಒಬ್ಬರ ಹತ್ತಿರ ಹೋಗಬಹುದು, ಅವರು ನನಗೆ ಫೋನ್ ಮಾಡುತ್ತಾರೆ. ಆ ಒಬ್ಬರು ಯಾರು ಅನ್ನೋದನ್ನು ಮಗುವೇ ಆರಿಸಲಿ, ನೀವೂ ಬೇಡ, ಶಾಲೆಯೂ ಬೇಡ.

ಹೆಡ್‌ಮಾಸ್ಟರು ಕ್ಲಾಸ್ ಟೀಚರ್ ಹೆಸರು ಹೇಳಿದರು. ನಾನು ಕೌನ್ಸೆಲರ್ ಹೆಸರು ಹೇಳಿದೆ. ಮಗಳು ತಲೆ ಎತ್ತಿ ‘ಆಯಾ’ ಅಂದಳು.

ಕಾಗದದ ಮೇಲೆ ಅವರ ಹೆಸರನ್ನೇ ಬರೆದೆವು, ಅವರ ಫೋನ್ ನಂಬರ್ ಜೊತೆಗೆ. ಆ ವರ್ಷ ಅವರು ನನಗೆ ಮೂರು ಸಲ ಫೋನ್ ಮಾಡಿದರು. ಮೂರು ಸಲವೂ ಮೊದಲ ಮಾತು ಒಂದೇ: ‘ಅಕ್ಕಾ, ಮಗು ನನ್ನ ಜೊತೇಲೇ ಇದೆ, ನಿಧಾನಕ್ಕೆ ಬನ್ನಿ.’